ಸೂಜಿ ಹುಡುಕುವ ಅತ್ತಿಗೆ

ಅಂಬೆಗಾಲಿಡುವ ನನ್ನ ಮಗು ಎಲ್ಲಿ ಸೂಜಿ ನುಂಗಿಬಿಡುತ್ತದೋ ಎಂಬ ಭಯಕ್ಕೆ ನನಗೆ ಊಟ ಸೇರುವುದಿಲ್ಲ. ಕಾರಣ, ಬಟ್ಟೆ ಹೊಲಿಯುವ ನಮ್ಮ ಅತ್ತಿಗೆ. ತಿಂಗಳು ತಿಂಗಳೂ ಒಂದೆರಡು ದಿನ, ಗಿರಾಕಿಯ ಅಳತೆ ತೆಗೆಯುತ್ತಿದ್ದವರು ದೊಪ್ಪನೆ ಕೂತು, ಮೇಜಿನಡಿ ನುಸುಳಿ, "ಸೂಜಿ ಬಿತ್ತು ಕಣೇ, ಹುಡುಕ್ತಿದೀನಿ" ಎನ್ನುತ್ತಾರೆ. ಅಲ್ಲಿಂದಲೇ ತೋಳಿನ ಉದ್ದ ಕೇಳುತ್ತಾರೆ, ಗುಂಡಿಯ ಬಣ್ಣಕ್ಕೆ ಜಗಳವಾಡುತ್ತಾರೆ. ಗಿರಾಕಿಗಳಿಗೂ ಮೇಜಿನ ಜೊತೆ ಮಾತಾಡಿ ಹೋಗುವುದು ರೂಢಿಯಾಗಿದೆ. ಇವತ್ತು ನಾನೇ ಅಯಸ್ಕಾಂತ ಹಿಡಿದು ಒಳಗೆ ನುಸುಳಿದೆ. ಸೂಜಿ ಇರಲಿಲ್ಲ, ಅತ್ತಿಗೆ ಹೊಟ್ಟೆ ಒತ್ತಿಹಿಡಿದು ಬೆವರುತ್ತಿದ್ದರು. "ಮುಟ್ಟಿನ ನೋವು ಕಣೇ, ಎಲ್ಲರಿಗೂ ಇರೋದೇ" ಎಂದರು. "ಇಷ್ಟೊಂದು ಇರಲ್ಲ ಅತ್ತಿಗೆ! ಎಂಡೊಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರದಂಥದ್ದು ಹೊರಗಡೆ ಬೆಳೆಯುತ್ತಂತೆ." "ಲೈನಿಂಗ್ ಹೊರಗಾ? ಅಂಥ ಫ್ರಾಕ್ ಹೊಲಿದುಕೊಟ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಾಳೆ!" ನಕ್ಕರು, ನಗು ಅರ್ಧಕ್ಕೇ ನರಳಾಟವಾಯಿತು. ನಾನು ಅಲ್ಲೇ ಕೂತು ಹೆಂಗಸರ ಡಾಕ್ಟರಿಗೆ ಫೋನ್ ಮಾಡಿದೆ. "ನೋವು ಯಾವಾಗಿಂದ ಇದೆ?" ಎಂದು ಆ ಕಡೆಯಿಂದ ಕೇಳಿದರು. ಈ ತಿಂಗಳಿಂದ ಎನ್ನಲೋ, ಹೋದ ವರ್ಷದಿಂದ ಎನ್ನಲೋ ತಿಳಿಯದೆ ಅತ್ತಿಗೆಯ ಮುಖ ನೋಡಿದೆ. ಅವರು ಸೆರಗಿನಿಂದ ಬೆವರು ಒರೆಸಿಕೊಂಡು, "ಸ್ಕೂಲಿಗೆ ಹೋಗ್ತಿದ್ದಾಗಿಂದ ಅನ್ನು" ಎಂದರು.