ಮಾಸ್ತರರ ಗಿಟಾರಿಗೆ ನಾನು ಹೊಸೆದ ತಂತಿ

ಇವತ್ತು ನಿಂಬರ್ಗಾದ ಒಂದು ಅಂಗಳದಲ್ಲಿ ಹತ್ತಿ ಹೊಡೆಯುವಾಗ ನನ್ನ ಬಿಲ್ಲಿನ ನರ ತುದಿಯಲ್ಲಿ ಹರಿಯಿತು. ನಾನು ಪಿಂಜಾರ. ನರ ಅಂದರೆ ಆಡಿನ ಕರುಳು ಹೊಸೆದು ಒಣಗಿಸಿದ ತಂತಿ. ಅದಕ್ಕೆ ಕಟ್ಟಿಗೆಯ ಗುಂಡಿನಿಂದ ಹೊಡೆದರೆ ಹತ್ತಿ ಅರಳುತ್ತದೆ. ಹರಿದ ತುದಿಯನ್ನು ನೀರಿಗೆ ಹಾಕಿದೆ. ಹಸಿ ವಾಸನೆ ಮೂಗಿಗೆ ಬಡಿಯಿತು, ಮಾಸ್ತರರು ನೆನಪಾದರು. ನಿಮಗೂ ಹೇಳಿಬಿಡುತ್ತೇನೆ. ಹೇಗೂ ನರ ನೆನೆಯುವ ತನಕ ಕೆಲಸವಿಲ್ಲ.

ಆಳಂದದಲ್ಲಿ ನಮ್ಮ ಮನೆಗೂ ಅವರ ಮನೆಗೂ ಗೋಡೆ ಒಂದೇ. ಹೈದರಾಬಾದಿನಲ್ಲಿ ಬ್ಯಾಂಡು ಬಾರಿಸಿ, ವಯಸ್ಸಾದ ಮೇಲೆ ಒಂದು ಗಿಟಾರ್ ಹೆಗಲಿಗೆ ಹಾಕಿಕೊಂಡು ಊರಿಗೆ ಬಂದವರು. ನುಡಿಸುತ್ತಿದ್ದ ಗತ್ತುಗಳು, ಅಂದರೆ ವಾದ್ಯಕ್ಕೆ ಕಟ್ಟಿದ ಕೃತಿಗಳು, ಮಾತ್ರ ಗಿಟಾರಿನವಲ್ಲ. ಲ್ಯೂಟ್ ಅಂತ ಬಿಳಿಯರ ಹಳೇ ವಾದ್ಯ, ಹೊಟ್ಟೆ ಕುಂಬಳದ ಹೋಳಿನಂಥದ್ದು. ಇನ್ನೂರು ವರ್ಷದ ಹಿಂದೆ ಅದಕ್ಕೆ ಕಟ್ಟಿದ ಗತ್ತುಗಳು ಅವು. ಲ್ಯೂಟಿಗೆ ಇಪ್ಪತ್ತನಾಲ್ಕು ತಂತಿ, ಗಿಟಾರಿಗೆ ಆರು. ಯಾವ ಸ್ವರ ಇಡಬೇಕು, ಯಾವುದು ಬಿಡಬೇಕು ಅಂತ ಮಾಸ್ತರರು ಪೆನ್ಸಿಲ್ ಹಿಡಿದು ದಿನಗಟ್ಟಲೆ ಒದ್ದಾಡುತ್ತಿದ್ದರು. ನನಗೆ ಅದು ಹುಚ್ಚಾಟ ಅನಿಸುತ್ತಿತ್ತು. ಸಾಲದ್ದಕ್ಕೆ ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ:

“ಬಾರಿಸಿದ್ದನ್ನ ಮತ್ತ ಯಾಕ ಬಾರಸ್ತೀರಿ? ಮೊದಲ್ನೇ ಸಲ ಕೇಳ್ಸಿಲ್ಲೇನ್ರಿ ನಮಗ?”

“ಮೊದಲ್ನೇ ಸಲ ನೀ ಆಕಳಸ್ತಿದ್ದಿ ಲೇ. ಎರಡನೇದು ನಿನ್ನ ಸಲುವಾಗೇ.”

ಎರಡನೇ ಮಹಾಯುದ್ಧ ಶುರುವಾಯಿತು. ವಿಲಾಯತ್ತಿನಿಂದ ತಂತಿ ಬರುವುದು ನಿಂತಿತು. ಗಿಟಾರಿನ ಸಣ್ಣ ತಂತಿಗಳೂ ಆಗ ಕರುಳಿನವೇ. ಎಲ್ಲಕ್ಕಿಂತ ಸಣ್ಣದಾದ ಮೊದಲನೆಯ ತಂತಿ ಹರಿಯಿತು. ಅದೇ ತಿಂಗಳು ಮಾಸ್ತರರ ಎಡಗೈ ಬೆರಳು ಸೆಟೆಯತೊಡಗಿದವು. ಮಗಳು ಸುಗಂಧಕ್ಕ ಗೋಡೆ ಸುತ್ತಿ ನಮ್ಮ ಮನೆಗೆ ಬಂದಳು.

“ಅಪ್ಪನ ಕೈ ಇನ್ನ ಭಾಳ ದಿನ ನಡಿಯಂಗಿಲ್ಲ ತಮ್ಮಾ. ಒಂದ ಗತ್ತು ಪೂರಾ ಬಾರಸ್ಬೇಕಂತ ಹಟ ಹಿಡದಾರ. ತಂತಿ ಮಾಡಿ ಕೊಡ್ತಿಯೇನೋ?”

ಹೊಸೆದೆ. ನಮ್ಮ ಬಿಲ್ಲಿನ ನರಕ್ಕಿಂತ ಎಷ್ಟೋ ಸಣ್ಣದು. ಎಂಟು ದಿನ ಒದ್ದಾಡಿದರೆ ಎರಡೇ ಎರಡು ಬಂದವು. ಒಂದನ್ನು ನಾನೇ ಗಿಟಾರಿಗೆ ಏರಿಸುತ್ತೇನೆ ಅಂದೆ. ನರ ಕೂಗುವವರೆಗೆ ಬಿಗಿಯುವುದು ನಮ್ಮ ರೂಢಿ. ಬಿಗಿದೆ, ಕೂಗಿತು. ಇರಲಿ ಅಂತ ಇನ್ನೊಂದು ಸುತ್ತು ಕೊಟ್ಟೆ. ಠಪ್ಪನೆ ಹರಿದು ಕೆನ್ನೆಗೆ ಬಿತ್ತು.

“ಹತ್ತಿ ಹೊಡ್ಯಾಕತ್ತಿಯೇನೋ ಮಂಗ್ಯಾ!” ಮಾಸ್ತರರು ಒದರಿದರು.

ಉಳಿದದ್ದು ಒಂದು. ಅದನ್ನು ಅವರೇ ಏರಿಸಿದರು. ಅದರ ಮೇಲೆ ಭಾರ ಬೀಳದಂತೆ ಆರೂ ತಂತಿಗಳನ್ನು ಒಂದಿಷ್ಟು ಸಡಿಲಿಸಿದರು. ಆಮೇಲೆ ಪುಸ್ತಕ ತಿರುವಿದರು. ಓಡುವ ಗತ್ತು ಬಿಟ್ಟರು; ಅದರಲ್ಲಿ ಮೊದಲ ತಂತಿಗೆ ಪುರಸೊತ್ತೇ ಇಲ್ಲ. ಕುಣಿತದ್ದನ್ನೂ ಬಿಟ್ಟರು, ಅದಕ್ಕೆ ಕಿರುಬೆರಳು ಬೇಕು. ಕೊನೆಗೆ ನನಗೆ ಆಕಳಿಕೆ ತರುತ್ತಿದ್ದ ನಿಧಾನದ್ದನ್ನೇ ಆರಿಸಿದರು. ಎರಡು ಭಾಗ, ಒಂದೊಂದೂ ಎರಡು ಸಲ.

ನಾನು ಗತ್ತು ಕೇಳಲಿಲ್ಲ, ತಂತಿ ನೋಡುತ್ತ ಕುಳಿತೆ. ಮೊದಲ ಭಾಗ ಎರಡು ಸಲ ಆಯಿತು. ಎರಡನೆಯದು ಒಂದು ಸಲ ಮುಗಿಯುವಷ್ಟರಲ್ಲಿ ತಂತಿಯ ಮೇಲೆ ಒಂದು ಎಳೆ ಕೂದಲಿನಂತೆ ಎದ್ದು ನಿಂತಿತು.

“ಸಾಕ್ರಿ ಮಾಸ್ತರ, ಆತಲ್ಲ!” ಅಂದೆ.

“ಅಪ್ಪಾ, ಬಿಡು,” ಅಂದಳು ಸುಗಂಧಕ್ಕ.

ಅವರು ಅದೇ ಭಾಗವನ್ನು ಮತ್ತೆ ಹಿಡಿದರು. ಅರ್ಧಕ್ಕೆ ಬಂದಾಗ ತಂತಿ ಹರಿಯಿತು.

ಕಣ್ಣು ಮುಚ್ಚಿಬಿಟ್ಟೆ. ಗತ್ತು ನಿಲ್ಲಲಿಲ್ಲ. ಮೇಲಿನ ಸ್ವರಗಳನ್ನು ಎರಡನೆಯ ತಂತಿಯಲ್ಲಿ ಹುಡುಕುತ್ತ, ಸಿಗದ್ದನ್ನು ಬಿಡುತ್ತ, ಆ ಸೆಟೆದ ಬೆರಳುಗಳು ಕೊನೆಯ ಸ್ವರ ಮುಟ್ಟಿದವು.

“ಇಪ್ಪತ್ನಾಕರಾಗ ಹದಿನೆಂಟ ಬಿಟ್ಟಾಂವ ನಾ,” ಮಾಸ್ತರರು ಕೈ ತಿಕ್ಕಿಕೊಂಡರು. “ಇನ್ನೊಂದಕ್ಕ ಅಳ್ಲೇನು?”

ಆಮೇಲೆ ಅವರು ಗಿಟಾರ್ ಮುಟ್ಟಲಿಲ್ಲ.

ನರ ನೆನೆದಿದೆ. ಬಿಲ್ಲಿನ ತುದಿಗೆ ಸುತ್ತಿಟ್ಟಿದ್ದ ಒಂದು ಗೇಣು ಹೆಚ್ಚಿನ ನರ ಬಿಚ್ಚಿ, ಹರಿದದ್ದನ್ನೇ ಮತ್ತೆ ಕಟ್ಟಿದೆ. ಹಳೇ ನರ. ಇನ್ನೊಂದು ಸುತ್ತು ಬಿಗಿಯಲು ಕೈ ಹೋಯಿತು, ತಡೆದೆ. ಕಟ್ಟೆಯ ಮೇಲೆ ಕುಳಿತ ಮನೆಯ ಮುದುಕಿ ಬೆರಳಿನಿಂದ ಮುಟ್ಟಿ ನೋಡಿದಳು.

“ಇಷ್ಟ ಸಡಿಲ ಇದ್ರ ಹತ್ತಿ ಅರಳ್ತೈತೇನೋ?”

“ಅರಳ್ತೈತ್ರಿ ಯವ್ವಾ,” ಅಂದೆ. “ಎರಡ ಸಲ ಹೊಡೀತೇನಿ.”