ಅಮೀನಕ್ಕನ ರೈಲು ಮತ್ತು ಗಿರಣಿ ಮೈಲಾರಪ್ಪ

ಗಿರಣಿ ಮೈಲಾರಪ್ಪ ಅಂದರೆ ಬೆಟಗೇರಿಯಲ್ಲಿ ಜೋಳ ಬೀಸಿಸುವವರಿಗೆಲ್ಲ ಗೊತ್ತು. ಅವನ ಗಿರಣಿಯ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಅಂಚು ಹರಿಯುವುದಿಲ್ಲ ಎಂದು ಹೆಣ್ಣುಮಕ್ಕಳು ಎರಡು ಓಣಿ ದಾಟಿ ಡಬ್ಬಿ ಹೊತ್ತು ಬರುತ್ತಾರೆ. ಅವನ ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು, ಎಲ್ಲದರ ಮೇಲೂ ಹಿಟ್ಟು. ಜಳಕ ಮಾಡಿ ಬಂದ ದಿನ ಗುರುತು ಹಿಡಿಯುವುದೇ ಕಷ್ಟ ಎಂದು ಹೆಂಡತಿ ಅನ್ನಪೂರ್ಣ ನಗುತ್ತಾಳೆ. ಹೇಳಬೇಕಾದ್ದು ಹಿಟ್ಟಿನ ಮಾತಲ್ಲ, ಅವನ ರೈಲಿನ ಮಾತು. ಆದರೆ ಹಿಟ್ಟು ಬಿಟ್ಟು ಮೈಲಾರಪ್ಪನ ಮಾತು ಶುರು ಮಾಡಲು ಬರುವುದಿಲ್ಲ.

ರೈಲು ಅಂದರೆ ಗದಗ ಸ್ಟೇಷನ್ನಿಗೆ ಬರುವ ರೈಲಲ್ಲ. ತಗಡಿನ ರೈಲು, ಹಳೆಯ ಕಾಲದ ಆಟಿಕೆ ಸಾಮಾನು. ಹೊಟ್ಟೆಯಲ್ಲಿ ಸ್ಪ್ರಿಂಗು, ಪಕ್ಕದಲ್ಲಿ ಚಾವಿ ಕೊಡುವ ತೂತು. ಚಾವಿ ತಿರುವಿ ಹಳಿಯ ಮೇಲಿಟ್ಟರೆ ಗರ್ರನೆ ಓಡುತ್ತದೆ, ಸ್ಪ್ರಿಂಗು ಬಿಚ್ಚುತ್ತ ಬಂದಂತೆ ಮುದುಕರ ಹಾಗೆ ನಿಧಾನವಾಗಿ ನಿಲ್ಲುತ್ತದೆ. ಇಂಥವನ್ನು ಮೈಲಾರಪ್ಪ ಗುಜರಿ ಅಂಗಡಿಗಳಲ್ಲಿ, ಕೆಡವುತ್ತಿದ್ದ ಹಳೆಯ ಮನೆಗಳಲ್ಲಿ ಹುಡುಕಿ ಹುಡುಕಿ ತರುತ್ತಿದ್ದ. ಮುಂಡರಗಿಯಲ್ಲಿ ಒಂದು ಎಂಜಿನ್ನು ಕಾವಿಗೆ ಕೂತ ಕೋಳಿಯ ಬುಟ್ಟಿಯ ಕೆಳಗೆ ಆನಿಕೆಯಾಗಿ ಸಿಕ್ಕಿತು. ಕೋಳಿಯನ್ನು ಎಬ್ಬಿಸಲು ಆ ಮನೆಯ ಮುದುಕಿ ಸುತರಾಂ ಒಪ್ಪಲಿಲ್ಲ. ಮೊಟ್ಟೆ ಒಡೆದು ಮರಿ ಬರುವ ತನಕ ಕಾದು, ಮತ್ತೆ ಬಸ್ಸು ಹತ್ತಿ ಹೋಗಿ ಎಂಜಿನ್ನು ತಂದ. ಜೊತೆಗೆ ಒಂದು ಮರಿಯನ್ನೂ ಕೊಟ್ಟು ಕಳಿಸಿದ್ದಳಂತೆ ಪುಣ್ಯಾತ್ಗಿತ್ತಿ.

ಅಮಾವಾಸ್ಯೆಗೆ ಗಿರಣಿ ಬಂದ್. ಅವತ್ತು ನೆಲ ಗುಡಿಸಿ ಹಳಿ ಜೋಡಿಸಿ ರೈಲು ಬಿಡುತ್ತಿದ್ದ. ಎಷ್ಟು ಗುಡಿಸಿದರೂ ಗಿರಣಿಯ ನೆಲ ಗಿರಣಿಯ ನೆಲವೇ. ಹಲ್ಲಿನ ಗಾಲಿಗಳಲ್ಲಿ ಹಿಟ್ಟು, ಎಣ್ಣೆ ಕೂಡಿ ಕಣಕವಾಗುತ್ತಿತ್ತು. ಅದನ್ನು ಕೋಳಿಪುಕ್ಕದಿಂದ ತೆಗೆಯುತ್ತ ಕೂತರೆ ಊಟಕ್ಕೆ ಕರೆದದ್ದೂ ಕೇಳುತ್ತಿರಲಿಲ್ಲ.

"ನನ್ನ ಕಿವ್ಯಾಗಿನ ಬುಗುಡಿ ಕಳದು ವರ್ಷಾತು, ಅದನ್ನ ಹುಡುಕಲಿಲ್ಲ. ಮಂದಿ ತಿಪ್ಪ್ಯಾಗಿನ ತಗಡ ಹುಡುಕತಾನ," ಎಂದು ಅನ್ನಪೂರ್ಣ ಬಾಗಿಲಲ್ಲಿ ನಿಂತು ಅನ್ನುವಳು. ಅಂದರೂ ಹಳಿಯ ಒಳಗೆ ಚಪ್ಪಲಿ ಹಾಕಿಕೊಂಡು ಯಾರಾದರೂ ಕಾಲಿಟ್ಟರೆ ಅವಳೇ ಗದರುವಳು.

ಇಷ್ಟೆಲ್ಲ ರೈಲು ಕೂಡಿಸಿದರೂ ಅವನ ಜೀವ ಇದ್ದದ್ದು ತನ್ನದಲ್ಲದ ಒಂದು ರೈಲಿನಲ್ಲಿ. ಅದು ಲಕ್ಷ್ಮೇಶ್ವರದ ಅಮೀನಬಿಯದು. ಮೈಲಾರಪ್ಪ ಹುಟ್ಟಿ ಬೆಳೆದದ್ದು ಲಕ್ಷ್ಮೇಶ್ವರದಲ್ಲಿ, ಅಮೀನಬಿಯ ಮನೆಯ ಮಗ್ಗುಲ ಓಣಿ. ಅವಳ ಅಪ್ಪ ಬಳೆ ವ್ಯಾಪಾರದವರು. ಸರಕು ತರಲು ಮುಂಬೈಗೆ ಹೋದವರು ಒಂದು ಸಲ ಮಕ್ಕಳಿಗೆಂದು ಕೆಂಪು ಎಂಜಿನ್ನಿನ ರೈಲು ತಂದಿದ್ದರು. ಅಮೀನಬಿ, ಅವಳ ತಮ್ಮ ಮಹಬೂಬಸಾಬ ಅದನ್ನು ಓಡಿಸುವಾಗ, ಮಹಬೂಬನ ಗೆಳೆಯ ಮೈಲಾರಪ್ಪ ಹಳಿ ಕೂಡಿಸುವ ಕೆಲಸಕ್ಕೆ. ಚಾವಿ ಕೊಡಲು ಅವನಿಗೆ ಬಿಡುತ್ತಿರಲಿಲ್ಲ. ಆ ಆಸೆ ಹಾಗೇ ಒಳಗೆ ಉಳಿದುಬಿಟ್ಟಿತು.

ಆ ರೈಲಿಗೆ ಎರಡು ಡಬ್ಬಿ. ಡಬ್ಬಿಯ ಕಿಟಕಿಗಳಲ್ಲಿ ಬಣ್ಣದಲ್ಲಿ ಅಚ್ಚು ಹಾಕಿದ ಮುಖಗಳು, ಊರಿಗೆ ಹೊರಟ ಮಂದಿ. ಯಾವ ದೇಶದವರೋ ಏನೋ. ಅಮೀನಬಿಯ ತಾಯಿ ಮಕ್ಕಳ ಚಿಕ್ಕಂದಿನಲ್ಲೇ ತೀರಿಕೊಂಡವಳು, ಅವಳದೊಂದು ಫೋಟೋ ಕೂಡ ಇರಲಿಲ್ಲ. ಅಕ್ಕ ತಮ್ಮ ಇಬ್ಬರೂ ಕೂಡಿ ಕಿಟಕಿಯಲ್ಲಿದ್ದ ಒಬ್ಬ ಹೆಂಗಸನ್ನು ತೋರಿಸಿ, ಇವಳೇ ನಮ್ಮಮ್ಮ, ಊರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದು ಅಂದುಕೊಂಡರು. ದೊಡ್ಡವರಾದ ಮೇಲೆ ಅದು ಆಟದ ಮಾತೆಂದು ಗೊತ್ತಾಗದೆ ಇರುತ್ತದೆಯೇ. ಆದರೂ ಅಮೀನಬಿಗೆ ತಾಯಿಯ ಮುಖ ಅಂದರೆ ಅದೇ. ಮಹಬೂಬಸಾಬ ತೀರಿಕೊಂಡ ಮೇಲಂತೂ ಆ ರೈಲು ಕಪಾಟಿನಿಂದ ಹೊರಗೆ ಬಂದದ್ದೇ ಕಡಿಮೆ. ಮೈಲಾರಪ್ಪ ಹೋದಾಗಲೆಲ್ಲ, "ನನಗ ಕೊಡಕ್ಕಾ, ನಾ ಛಲೋ ಇಟಗೋತೀನಿ," ಅನ್ನುವನು. "ನಮ್ಮಮ್ಮನ್ನ ಕೇಳಾಕತ್ತಿಯಲ್ಲೋ ಹುಚ್ಚಾ," ಎಂದು ಅವಳು ಚಹಾ ಕೊಟ್ಟು ಕಳಿಸುವಳು.

ಈ ಸಲ ಆಷಾಢದಲ್ಲಿ ಅವಳೇ ಹೇಳಿ ಕಳಿಸಿದಳು. ಮೊಮ್ಮಗನ ಹೆಂಡತಿ ಗುಲ್ನಾಜಳ ಕೂಸು ಕೂಡ್ರಲು ಕಲಿತಿತ್ತು. ಕೂಸಿನ ಮುಂದೆ ರೈಲು ಓಡಿಸಬೇಕೆಂದರೆ ಸ್ಪ್ರಿಂಗು ಹಿಡಿಯುತ್ತಿರಲಿಲ್ಲ. ಅಮೀನಬಿ ಅದನ್ನು ತನ್ನ ಹಳೆಯ ದುಪಟ್ಟಾದಲ್ಲಿ ಸುತ್ತಿ ಮೈಲಾರಪ್ಪನ ಕೈಗೆ ಇಟ್ಟಳು.

"ಮೈಲಾರಿ, ಬ್ಯಾರೆಯವರಿಗಾದ್ರ ಕೊಡತಿರಲಿಲ್ಲ. ಜಲ್ದಿ ತಂದು ಕೊಡು."

"ನೀ ಚಿಂತಿ ಬಿಡಕ್ಕಾ," ಅಂದ ಅವನು.

ಸ್ಪ್ರಿಂಗಿಗೆ ದೊಡ್ಡ ರೋಗ ಏನೂ ಇರಲಿಲ್ಲ. ಒಳತುದಿಯ ಕೊಕ್ಕೆ ಕಳಚಿತ್ತು, ಅಷ್ಟೇ. ತಂದ ವಾರದಲ್ಲೇ ರೈಲು ಓಡತೊಡಗಿತು. ಓಡಿದ್ದೇ ತಪ್ಪಾಯಿತು ನೋಡಿ. ನಾಳೆ ಒಯ್ದು ಕೊಟ್ಟರಾಯಿತು ಎಂದ. ನಾಳೆಯ ನಾಳೆ ಎಂದ. ಗಿರಣಿಗೆ ಗಿರಾಕಿ ಇಲ್ಲದ ಮಧ್ಯಾಹ್ನ ಅದೇ, ಕರೆಂಟು ಹೋದರೆ ಅದೇ. ತನ್ನ ಉಳಿದ ರೈಲುಗಳನ್ನು ಗಾಜಿನ ಕಪಾಟಿನಲ್ಲಿ ಚಾವಿ ಹಾಕಿ ಇಟ್ಟವನು, ಇದನ್ನು ಮಾತ್ರ ಕೈಗೆ ಸಿಗುವಂತೆ ಹಿಟ್ಟಿನ ಡಬ್ಬಿಯ ಮೇಲೇ ಇಡುತ್ತಿದ್ದ. ಗುಲ್ನಾಜ ಫೋನು ಮಾಡಿದರೆ, "ಸ್ಪ್ರಿಂಗ್ ಹುಬ್ಬಳ್ಳಿಂದ ಬರಬೇಕವಾ, ಹೇಳೀನಿ," ಅನ್ನುವನು. ಹೀಗೆ ಶ್ರಾವಣ ಹೋಯಿತು, ಭಾದ್ರಪದ ಹೋಯಿತು, ಮಹಾನವಮಿ ಬಂತು.

ಮಹಾನವಮಿಗೆ ನಮ್ಮ ಕಡೆ ಖಂಡೆ ಪೂಜೆ. ಮನೆಯಲ್ಲಿ ಕಬ್ಬಿಣ, ತಗಡು ಏನಿದ್ದರೂ ತಿಕ್ಕಿ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಇಡಬೇಕು. ಮೈಲಾರಪ್ಪನ ಸೊಸೆ ನೀಲಾ ಬೆಳ್ಳಟ್ಟಿಯ ಒಕ್ಕಲುತನದವರ ಮಗಳು, ಮಗ ಸೋಮೇಶನ ಹೆಂಡತಿಯಾಗಿ ಆ ವರ್ಷವೇ ಬಂದವಳು. ಅವಳ ತವರಿನಲ್ಲಿ ಕೊಡಲಿ, ಕುಡುಗೋಲು, ಕುಂಟೆಯ ಕುಡ, ಯಾವ ಮನೆಯದು ಹೆಚ್ಚು ಹೊಳೆಯಿತು ಎಂದು ಓಣಿಯ ಮಂದಿ ನೋಡಿ ಮಾತಾಡಿಕೊಳ್ಳುತ್ತಿದ್ದರು. ಹೊಸ ಮನೆಯಲ್ಲಿ ಮೊದಲ ಖಂಡೆ ಪೂಜೆ, ಅತ್ತೆ ಮಾವ ಭೇಷ್ ಅನ್ನಲಿ ಎಂಬ ಹುರುಪು ಹುಡುಗಿಗೆ.

ಮೈಲಾರಪ್ಪ ಕಬ್ಬು, ಬಾಳೆಕಂದು, ಹೂವು ತರಲು ಪೇಟೆಗೆ ಹೋಗಿದ್ದ. ಬಂದು ನೋಡಿದರೆ ಹಿತ್ತಲಲ್ಲಿ ಗಿರಣಿಯ ಪಾನಾ, ಸುತ್ತಿಗೆ, ಅಳೆಯುವ ಸೇರು ಎಲ್ಲ ಸಾಲಾಗಿ ಒಣಗಲು ಇಟ್ಟಿತ್ತು. ಅವುಗಳ ಕೊನೆಗೆ ಎರಡು ತಗಡಿನ ಡಬ್ಬಿ, ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ. ನೀಲಾ ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು ಹಚ್ಚಿ ತಿಕ್ಕಿದ್ದಳು. ಈಗ ಎಂಜಿನ್ನಿಗೆ ಕೈ ಹಾಕಿದ್ದಳು. ಮಾವನನ್ನು ಕಂಡು ಸೆರಗು ಸರಿ ಮಾಡಿಕೊಂಡು ಎದ್ದಳು.

"ಮಾವಾರ, ಬೆಳ್ಳಿ ಹಂಗ ಆತು ನೋಡ್ರಿ. ಇದೊಂದು ಹೊರಗಿತ್ತು. ಉಳದವು ಕಪಾಟಿನ್ಯಾಗ ಅದಾವು, ಚಾವಿ ನಿಮ್ಮ ಕಡೆ ಐತಿ. ಕೊಡ್ರಿ, ಅವನ್ನೂ ತಿಕ್ಕತೀನಿ."

ಮೈಲಾರಪ್ಪ ಕಬ್ಬನ್ನು ಗೋಡೆಗೆ ಆನಿಸಿದ. ಒಂದು ಡಬ್ಬಿ ಎತ್ತಿ ತಿರುವಿ ತಿರುವಿ ನೋಡಿದ.

"ಇದರಾಗ ಮಂದಿ ಇದ್ರಲ್ಲವಾ."

"ಎಲ್ಲಿ ಮಂದಿ ಮಾವಾರ?"

"ಕಿಡಕ್ಯಾಗ."

ನೀಲಾ ತನ್ನ ಕೈ ನೋಡಿಕೊಂಡಳು. "ಅವು ಮಸಿ ಹತ್ತಿದಂಗ ಇದ್ವು. ಬಿಡಲಿಲ್ಲ ಅಂತ ಜೋರ ತಿಕ್ಕಿದೆ," ಅಂದಳು ಮೆಲ್ಲಗೆ.

ಆಮೇಲೆ ಅವನ ಬಾಯಿಂದ ಬರಬಾರದ ಮಾತು ಬಂದವು. "ನಿಮ್ಮ ಬೆಳ್ಳಟ್ಟ್ಯಾಗ ಕೂಸಿನ ಮಾರಿಗೂ ಇಟ್ಟಂಗಿ ಪುಡಿ ತಿಕ್ಕತಾರೇನು? ಕೇಳಿ ಮುಟ್ಟಬೇಕು ಅನ್ನೂದು ಕಲಿಸಿಲ್ಲ ನಿಮ್ಮವ್ವ?" ಎಂದ. ಹುಡುಗಿ ಅಳಲಿಲ್ಲ, ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅವಳು ಊಟ ಬಿಟ್ಟದ್ದನ್ನು ಕಂಡು ಅನ್ನಪೂರ್ಣಳಿಗೆ ತಡೆಯಲಾಗಲಿಲ್ಲ. ಗಿರಣಿಗೇ ಬಂದಳು.

"ಆಕಿ ತವರುಮನಿ ಯಾಕ ಎತ್ತತೀಯೋ? ಆಕಿ ಸಾಮಾನ ತಿಕ್ಯಾಳ. ಮಂದಿ ಸಾಮಾನ ಮನ್ಯಾಗ ಮುಚ್ಚಿ ಇಟಗೊಂಡಾಂವ ನೀನು. ರಿಪೇರಿ ಆದ ದಿನಾನ ಕೊಟ್ಟಿದ್ರ ಇವತ್ತ ಆಕಿ ಕೈಗೆ ಸಿಗತಿತ್ತೇನು ಅದು?"

ಮೈಲಾರಪ್ಪ ಡಬ್ಬಿಗಳನ್ನು ದುಪಟ್ಟಾದಲ್ಲಿ ಸುತ್ತಿಟ್ಟ. ಆ ಹಬ್ಬದ ಹೋಳಿಗೆ ಆ ಮನೆಯಲ್ಲಿ ಯಾರಿಗೂ ಇಳಿಯಲಿಲ್ಲ. ಬನ್ನಿ ಕೊಡಲು ಬಂದವರಿಗೆ ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಎಂದ, ಬಾಯಿ ಮಾತಿಗೆ.

ಹಬ್ಬ ಮುಗಿದ ಮೇಲೆ ಮೈಲಾರಪ್ಪನಿಗೆ ಒಂದು ಉಪಾಯ ಹೊಳೆಯಿತು. ಗದಗಿನಲ್ಲಿ ಅಶ್ಫಾಕ ಅಂತ ಒಬ್ಬ, ತಗಡಿನ ಟ್ರಂಕುಗಳ ಮೇಲೆ ಹೂವು, ನವಿಲು ಬರೆಯುವವನು. ಅವನ ಅಂಗಡಿಗೆ ಡಬ್ಬಿ ಒಯ್ದ. ಅಶ್ಫಾಕ ಕುಂಚ ತೊಳೆದು ಕೂತ.

"ಬರದು ಕೊಡತೀನಿ ಕಾಕಾ. ಹೆಂಗಿದ್ರು ಹೇಳ್ರಿ. ಹೆಂಗಸಿನ ಮಾರಿ ಯಾ ಕಡೆ ತಿರಿಗಿತ್ತು? ತಲಿ ಮ್ಯಾಗ ಏನಿತ್ತು? ಅರಿವಿ ಯಾ ಬಣ್ಣ?"

ಮೈಲಾರಪ್ಪ ಡಬ್ಬಿಯನ್ನು ಬೆಳಕಿಗೆ ಹಿಡಿದ. ದಿನಾ ಓಡಿಸಿದ ರೈಲು. ಯಾವ ಗಾಲಿ ಸವೆದಿದೆ, ತಿರುವಿನಲ್ಲಿ ಯಾವ ಡಬ್ಬಿ ಎಗರುತ್ತದೆ, ಎಲ್ಲ ಗೊತ್ತಿತ್ತು. ಆ ಹೆಂಗಸಿನ ಮುಖ ಮಾತ್ರ ಎಷ್ಟು ಕಣ್ಣು ಮುಚ್ಚಿ ಕೂತರೂ ಬರಲಿಲ್ಲ. ಟೊಪ್ಪಿಗೆ ಇತ್ತೋ, ಬರೀ ತಲೆಯೋ. ನಗುತ್ತಿದ್ದಳೋ ಇಲ್ಲವೋ.

"ನೆನಪಿಲ್ಲ ಅಂದ್ರ ನಾ ಒಂದು ಛಲೋ ಹೆಂಗಸಿನ್ನ ಬರೀತೀನಿ ತಗೋರಿ, ಯಾರಿಗೆ ಗೊತ್ತಾಕ್ಕೈತಿ?" ಅಂದ ಅಶ್ಫಾಕ.

"ಗೊತ್ತಾಗೋರಿಗೇ ಕೊಡಬೇಕಾಗೇತಿ," ಎಂದು ಡಬ್ಬಿ ಎತ್ತಿಕೊಂಡು ಹೊರಬಿದ್ದ.

ಮರುದಿನ ಲಕ್ಷ್ಮೇಶ್ವರಕ್ಕೆ ಹೊರಟಾಗ ನೀಲಾ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರತೀನ್ರಿ. ತಿಕ್ಕಿದಾಕಿ ನಾನು," ಅಂದಳು. ಶಿರಹಟ್ಟಿಯ ಮೇಲೆ ಹೋಗುವ ಬಸ್ಸು. ದಾರಿಯುದ್ದಕ್ಕೂ ಮಾವ ಒಂದು ಕಡೆ, ಸೊಸೆ ಒಂದು ಕಡೆ, ನಡುವೆ ದುಪಟ್ಟಾದ ಗಂಟು, ಹಳಿಯ ಚೀಲ. ಹೋದ ವಾರ ಬಂತಕ್ಕಾ ಸ್ಪ್ರಿಂಗು, ಎಂದರೆ ಮುಗಿಯಿತು, ಅನ್ನುವ ಲೆಕ್ಕ ಅವನ ತಲೆಯಲ್ಲಿ ಬಸ್ಸಿನ ಗಾಲಿಯ ಜೊತೆ ತಿರುಗುತ್ತಲೇ ಇತ್ತು.

ಅಮೀನಬಿ ಪಡಸಾಲೆಯ ಮಂಚದ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. "ಬಾ ಮೈಲಾರಿ, ಹುಬ್ಬಳ್ಳಿ ಭಾಳ ದೂರ ಆತು ನೋಡು ನಿನಗ," ಎಂದು ನಗುತ್ತ ಗಂಟಿಗೆ ಕೈ ಚಾಚಿದಳು. ಅವಳು ಗಂಟು ಬಿಚ್ಚುವ ಮೊದಲೇ ನೀಲಾ ನೆಲದಲ್ಲಿ ಕೂತು ಎಲ್ಲ ಹೇಳಿದಳು. ಹಬ್ಬ, ಹುಣಸೆಹಣ್ಣು, ಇಟ್ಟಂಗಿ ಪುಡಿ, ಒಂದೂ ಬಿಡದೆ, ಅಳುತ್ತಲೇ.

ಅಮೀನಬಿ ಡಬ್ಬಿ ತೆಗೆದು ಒಂದು ಕಿಟಕಿಯ ಮೇಲೆ ಹೆಬ್ಬೆರಳು ಆಡಿಸಿದಳು. ಕೂಸು ಹೊಳೆಯುವ ತಗಡಿಗೆ ಕೈ ಬಡಿಯಿತು. ಗುಲ್ನಾಜ ಬಂದು ಕೂಸನ್ನು ಎತ್ತಿಕೊಂಡಳು.

"ನೀ ಅಳಬ್ಯಾಡ ತಂಗಿ," ಅಂದಳು ಅಮೀನಬಿ ನೀಲಾಳಿಗೆ. "ಹಬ್ಬಕ್ಕ ಸಾಮಾನ ತಿಕ್ಕೂದು ತಪ್ಪಲ್ಲ. ನಾ ಸೊಸಿಯಾಗಿ ಹೋದ ವರ್ಷ ನಮ್ಮ ಮಾವನ ಅತ್ತರಿನ ಶೀಶೆ ಎಲ್ಲಾ ಸೋಡಾ ಹಾಕಿ ತೊಳದು, ಬಿಸಲಿಗೆ ಬೋರಲ ಇಟ್ಟಿದ್ದೆ." ನೀಲಾಳ ಅಳುವಿನಲ್ಲೇ ಒಂದು ನಗೆ ಬಂತು. ಅಮೀನಬಿ ನಗಲಿಲ್ಲ. ಅವಳು ಮೈಲಾರಪ್ಪನ ಕಡೆ ತಿರುಗಿದ್ದಳು.

"ಮೈಲಾರಿ, ಸ್ಪ್ರಿಂಗ್ ಯಾವಾಗ ಬಂತು?"

ನೀಲಾ ಮಾವನ ಮುಖ ನೋಡಿದಳು. ಅವನು ನೆಲ ನೋಡಿದ.

"ಹೊಸಾದು ಬೇಕಾಗಿರಲಿಲ್ಲಕ್ಕಾ. ಒಯ್ದ ವಾರದಾಗ ಓಡಾಕ ಹತ್ತಿತ್ತು."

"ಮತ್ತ ಗುಲ್ನಾಜಗ ಹಂಗ್ಯಾಕ ಹೇಳಿದಿ?"

"ಇಟಗೋಬೇಕು ಅನಿಸ್ತು."

"ಕೇಳಬೇಕಿತ್ತು."

"ಕೇಳಿದ್ರ ಕೊಡತಿರಲಿಲ್ಲ ನೀನು."

"ಖರೆ. ಕೊಡತಿರಲಿಲ್ಲ," ಅಂದಳು ಅಮೀನಬಿ. ರೈಲನ್ನು ಅವನ ಕಡೆ ಸರಿಸಿ, "ಹಳಿ ಕೂಡಿಸು," ಅಂದಳು.

ಚಿಕ್ಕಂದಿನ ಅದೇ ಪಡಸಾಲೆ, ಅದೇ ಫರಸಿ ನೆಲ. ಮೈಲಾರಪ್ಪ ಮೊಣಕಾಲೂರಿ ಹಳಿ ಕೂಡಿಸಿ ರೈಲು ಬಿಟ್ಟ. ಅದು ಚೆನ್ನಾಗಿಯೇ ಓಡಿತು. ಡಬ್ಬಿ ಎದುರಿಗೆ ಬಂದಾಗ ಅಮೀನಬಿ ಬೆರಳು ತೋರಿಸಿ ಕೂಸಿಗೆ ಹೇಳತೊಡಗಿದಳು. "ಈಂವ ಟೊಪಗಿ ಮುದುಕ. ಇದು ಹಲ್ಲ ಕಿಸದ ಹುಡುಗ. ಇಕಿ ಅಮ್ಮಾ, ಹಸರ ಕುಪ್ಪಸ, ಕೈ ಕಿಡಕಿ ಮ್ಯಾಗ ಇಟ್ಟಾಳ." ಇನ್ನೊಂದು ಸುತ್ತು ಬಂತು. "ಮುದುಕ. ಹುಡುಗ. ಅಮ್ಮಾ." ಅದರ ಮುಂದಿನ ಸುತ್ತಿಗೆ ಅವಳು ಬೆರಳು ಮಡಚಿಕೊಂಡಳು. ಬರೀ ತಗಡು ಗರ್ರನೆ ಹಾದುಹೋಯಿತು. ಹಸಿರು ಕುಪ್ಪಸ, ಕಿಟಕಿಯ ಮೇಲಿನ ಕೈ. ಈಗ ಕೇಳಿದ ಮೇಲೂ ಮೈಲಾರಪ್ಪನ ಕಣ್ಣಿಗೆ ಅದು ಕಟ್ಟಲಿಲ್ಲ.

ರೈಲು ನಿಂತ ಮೇಲೆ ಗುಲ್ನಾಜ ಅದನ್ನು ಕಪಾಟಿನಲ್ಲಿಟ್ಟಳು. ಚಹಾ ಬಂತು, ಕುಡಿದರು. ಹೊರಡುವಾಗ ಅಮೀನಬಿ ನೀಲಾಳನ್ನು ಹತ್ತಿರ ಕರೆದು, ಕೈ ತುಂಬ ಹಸಿರು ಬಳೆ ಏರಿಸಿದಳು. "ಹೋಗಿ ಬಾ ಮಗಳ. ರಂಜಾನಕ್ಕ ಬಾ, ಶಾವಿಗಿ ಸುರಕುಂಬಾ ಕುಡಿಯಾಕ," ಅಂದಳು.

ನಮ್ಮ ಕಡೆ ಹೊರಟವರಿಗೆ, ಜಗಳಾಡಿದವರಿಗೂ ಸೈತ, ಹೋಗಿ ಬಾ ಎಂದೇ ಕಳಿಸುವುದು. ಮೈಲಾರಪ್ಪ ಹೊಸ್ತಿಲ ಆಚೆ ಚಪ್ಪಲಿ ಮೆಟ್ಟುತ್ತ ತಡ ಮಾಡಿದ.

"ಬರತೀನಕ್ಕಾ."

ಅಮೀನಬಿ ಚಹಾದ ಕಪ್ಪು ಬಸಿ ಎತ್ತು ಎಂದು ಗುಲ್ನಾಜಳಿಗೆ ಹೇಳುತ್ತಿದ್ದಳು.

"ಅಕ್ಕಾ, ಬರತೀನಿ," ಅಂದ ಮತ್ತೊಮ್ಮೆ.

ಅವಳು ಕೂಸಿನ ಬಾಯಿ ಒರೆಸಿದಳು. ನೀಲಾ ಓಣಿಯಲ್ಲಿ ನಿಂತು ಕಾದಳು, ಆಮೇಲೆ ತಿರುಗಿ ಬಂದು ಮಾವನ ಕೈಯಲ್ಲಿದ್ದ ಖಾಲಿ ಚೀಲ ತಾನು ತೆಗೆದುಕೊಂಡಳು.

"ಬರ್ರಿ ಮಾವಾರ, ಬಸ್ಸಿಗೆ ಹೊತ್ತಾತು."