ಚುಕ್ಕಿ ಒಪ್ಪಿದ ಕರು

ನೈಲ್ ನದಿಗೆ ಹೆದರುವವಳು ನಮ್ಮೂರಲ್ಲಿ ಒಬ್ಬಳೇ ಇದ್ದಳು, ನನ್ನ ಪಕ್ಕದ ಮನೆಯ ಹೆನುತ್. ಮನೆಯ ಗೋಡೆ ನದಿಯ ಕೆಸರು, ತಿನ್ನುವ ರೊಟ್ಟಿ, ಕುಡಿಯುವ ಬಿಯರ್ ಎಲ್ಲ ನದಿಯ ದಯೆ. ಆದರೂ ನೀರು ತರಲು ಹೋದರೆ ಇವಳು ಒಂದು ಕೈಯಲ್ಲಿ ಅತ್ತಿಮರದ ಬೇರು ಹಿಡಿದುಕೊಂಡೇ ಗಡಿಗೆ ಅದ್ದುತ್ತಿದ್ದಳು. ಹಾಗೆಂದು ಯಾರಾದರೂ ಆಡಿಕೊಂಡರೋ, ಕೆಟ್ಟರು. ಬಾಯಿ ಊರಗಲ. ಏಳು ತಲೆಮಾರನ್ನು ಎಳೆದು ತಂದು ಬೈಯುತ್ತಿದ್ದಳು.

ಗಂಡ ಸೆನ್ಬಿ ಊರಿನ ದನಗಾಹಿ. ನದಿ ಉಕ್ಕುವ ಕಾಲಕ್ಕೆ ದನಗಳನ್ನು ತಗ್ಗಿನ ಹುಲ್ಲುಗಾವಲಿನಿಂದ ಕಾಲುವೆ ದಾಟಿಸಿ, ಊರಿರುವ ದಿಬ್ಬಕ್ಕೆ ತರುವುದು ಅವನ ಕೆಲಸ. ಅದಕ್ಕೆ ನಮ್ಮಲ್ಲಿ ಇರುವುದು ಒಂದೇ ಉಪಾಯ. ಎಳೆಗರುವನ್ನು ಬೆನ್ನಿಗೆ ಹಾಕಿಕೊಂಡು ನೀರಿಗಿಳಿಯಬೇಕು. ಕರು ಕೂಗಿದರೆ ತಾಯಿ ಹಿಂದೆ ಬರುತ್ತದೆ, ತಾಯಿಯ ಹಿಂದೆ ಇಡೀ ಮಂದೆ.

ಆ ವರ್ಷ ಮಂದೆಯ ಮುಂದಾಳು ಹಸು ಚುಕ್ಕಿ ಈದಿರಲಿಲ್ಲ. ಅವತ್ತು ಬೆಳಿಗ್ಗೆ ಹೆನುತ್ ಮತ್ತು ನಾನು ಒಣ ಕಾಲುವೆ ದಾಟಿ ಹಾಲು ಕರೆಯಲು ಹೋಗಿದ್ದೆವು. ಮೇಲಿನ ಊರಿನವರು ಒಡ್ಡು ಕಡಿದು ಕಾಲುವೆಗೆ ನೀರು ಬಿಡುವುದು ಇನ್ನೂ ತಡ ಎಂದುಕೊಂಡಿದ್ದೆವು. ಅವರು ಕಡಿದೇಬಿಟ್ಟಿದ್ದರು. ನಾವು ಕರೆದು ಮುಗಿಸುವುದರೊಳಗೆ ಕಾಲುವೆಯಲ್ಲಿ ಎದೆಮಟ್ಟ ಕೆಂಪು ನೀರು. ಸಂಜೆಯೊಳಗೆ ಹುಲ್ಲುಗಾವಲೂ ಮುಳುಗುತ್ತದೆ. ದನ ಹೋದರೆ, ನೀರಿಳಿದ ಮೇಲೆ ನೇಗಿಲು ಎಳೆಯುವವರು ಯಾರು? ಊರಿಗೆ ಊರೇ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳಬೇಕಿತ್ತು.

ಅಲ್ಲೇ ದನ ಕಾಯುತ್ತಿದ್ದ ಸೆನ್ಬಿ ಬೇರೊಂದು ಹಸುವಿನ ಕರುವನ್ನು ಹೊತ್ತು ಇಳಿದ. ಅದರ ತಾಯಿ ಇಳಿಯಿತು. ಚುಕ್ಕಿ ಒಂದು ಸಲ ನೋಡಿ ಮೆಲುಕು ಹಾಕತೊಡಗಿತು. ಉಳಿದವು ಚುಕ್ಕಿಯ ಮುಖ ನೋಡುತ್ತ ನಿಂತವು.

ಆ ತಾಯಿ ಕರು ಎರಡನ್ನೂ ಆಚೆ ಬಿಟ್ಟು ಸೆನ್ಬಿ ಹಿಂತಿರುಗಿದಾಗ ಹೆನುತ್ ಚುಕ್ಕಿಯ ಕೊರಳು ತಬ್ಬಿಕೊಂಡು ನಡುಗುತ್ತಿದ್ದಳು. ಚುಕ್ಕಿ ಅವಳ ಕೈ ನೆಕ್ಕುತ್ತಿತ್ತು. ಸೆನ್ಬಿ ಇಬ್ಬರನ್ನೂ ನೋಡಿದ. ಅಂಥ ಹೊತ್ತಿನಲ್ಲೂ ಅವನಿಗೆ ನಗು ಬಂತು.

“ಹತ್ತೇ, ಬೆನ್ನಿಗೆ.”

“ತಲೆ ಕೆಟ್ಟಿದ್ಯಾ ನಿಂಗೆ? ನಾನೇನ್ ಕರುನಾ?”

“ಈ ಜಂಬಗಾತಿ ಊರಲ್ಲಿ ಯಾರ್ ಮಾತೂ ಕೇಳಲ್ಲ. ನಿನ್ ಹಿಂದೆ ಮಾತ್ರ ಬಾಲ ಆಡಿಸ್ಕೊಂಡ್ ಬರುತ್ತೆ. ನೀನ್ ದಾಟಿದ್ರೆ ಅದೂ ದಾಟುತ್ತೆ.”

“ಸತ್ತೋಗ್ತೀನಿ ಕಣೋ.”

“ನೀನ್ ಸತ್ರೆ ನನ್ನ ಬೈಯೋರ್ ಯಾರಿದಾರೆ? ಸಾಯಕ್ ಬಿಡಲ್ಲ, ಹತ್ತು.”

ನೀರು ಆಗಲೇ ದನಗಳ ಗೊರಸು ಮುಟ್ಟಿತ್ತು. ಹೆನುತ್ ಅವುಗಳನ್ನು ಒಂದೊಂದಾಗಿ ನೋಡಿದಳು, ಕಣ್ಣು ಮುಚ್ಚಿಕೊಂಡಳು, ಗಂಡನ ಬೆನ್ನೇರಿದಳು. ಅವಳಿಗೆ ಎಷ್ಟು ಭಯವೆಂದು ಬಲ್ಲವಳು ನಾನು.

ನಾಲ್ಕು ಹೆಜ್ಜೆ ಇಟ್ಟು ಸೆನ್ಬಿ, “ಕರು ಕೂಗ್ಬೇಕು ಕಣೇ,” ಎಂದ.

ಅವಳು ಕೂಗಿದಳು. ಚುಕ್ಕಿಯ ಹೆಸರು ಹಿಡಿದು, ಗಂಟಲು ಹರಿಯುವ ಹಾಗೆ. ಚುಕ್ಕಿ ಕಿವಿ ನಿಮಿರಿಸಿತು, ಅಂಬಾ ಎಂದಿತು, ದಡದಿಂದ ಧುಮುಕಿಯೇಬಿಟ್ಟಿತು. ಹಿಂದೆ ಮಂದೆಯೆಲ್ಲ. ನಾನೂ ಒಂದು ಬಾಲ ಹಿಡಿದುಕೊಂಡೆ.

ನಡುನೀರಿನಲ್ಲಿ ಕಪ್ಪಗೆ ಏನೋ ತೇಲಿ ಬಂತು. ಮೊಸಳೆ ಕಂಡರೆ ಬೆರಳು ಚಾಚಿ ಮಂತ್ರ ಹೇಳುವುದು ದನಗಾಹಿಯ ಪಾಲಿನ ಕೆಲಸ. ಅವನ ಎರಡು ಕೈಯೂ ಹೆಂಡತಿಯ ಕಾಲು ಹಿಡಿದಿದ್ದವು.

“ನೀನೇ ಹೇಳೇ.”

“ನಂಗೆಲ್ ಬರುತ್ತೆ ಮಂತ್ರ?”

“ನಂಗ್ ದಿನಾ ಹೇಳ್ತೀಯಲ್ಲ, ಅದನ್ನೇ ಹೇಳು.”

ಹೆನುತ್ ಬೆರಳು ಚಾಚಿ ಶುರುಮಾಡಿದಳು. “ಲೇ ಹಲ್ಲುಬ್ಬ, ಕೂಳಿಗೆ ಗತಿಯಿಲ್ದೋನೆ, ನಿಮ್ಮವ್ವ ನಿನ್ನ ಮೊಟ್ಟೆಯಲ್ಲೇ ಬಿಟ್ಟಿದ್ರೆ ಭೂಮಿಭಾರನಾದ್ರೂ ತಗ್ಗ್ತಿತ್ತು...” ಹೇಳಬಾರದ್ದೂ ಬಹಳ ಇತ್ತು. ಅದು ಮೊಸಳೆಯೋ ಮರದ ದಿಮ್ಮಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂತೂ ಮರ್ಯಾದೆಯಾಗಿ ಪಕ್ಕಕ್ಕೆ ಸರಿದು ಹೋಯಿತು.

ದಿಬ್ಬದ ಮೇಲೆ ಊರೆಲ್ಲ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ದನ ಒಂದೂ ತಪ್ಪದೆ ಮೇಲೇರಿದವು. ಮೊಣಕಾಲು ನೀರಿಗೆ ಬಂದ ಮೇಲೆ ಸೆನ್ಬಿ ಏದುಸಿರು ಬಿಡುತ್ತ, “ಇಳಿಯೇ ತಾಯಿ, ಸೊಂಟ ಬಿತ್ತು,” ಎಂದ.

ಹೆನುತ್ ಇಳಿದಳು. ನೀರಿನಲ್ಲೇ ನಿಂತಳು. ಅಂಗೈಯಿಂದ ಅದನ್ನು ತಟ್ಟಿ ನೋಡಿದಳು. ಆಮೇಲೆ ಬಟ್ಟೆ ಸಮೇತ ಅಲ್ಲೇ ಕುಕ್ಕರಿಸಿದಳು, ಕುತ್ತಿಗೆಯವರೆಗೆ.

“ಮನೆಗ್ ಬಾರೆ,” ಎಂದ ಸೆನ್ಬಿ.

“ನೀನ್ ಹೋಗು. ನಾನ್ ಆಮೇಲ್ ಬರ್ತೀನಿ.”

ಅವತ್ತು ರಾತ್ರಿ ಸೆನ್ಬಿಗೆ ರೊಟ್ಟಿ ಸುಟ್ಟು ಬಡಿಸಿದವಳು ನಾನು.